ನವನಗರದಾಗ ಹೊತ್ತು ಹೆಂಗ ಹೋಗ್ತದ ಅಂತ ಕೇಳೋರಿಗೆ

ಬಾಗಲಕೋಟೆ ನವನಗರದಲ್ಲಿ ಇರ್ತೀವಿ ಅಂದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಅಲ್ಲಿ ಹೊತ್ತು ಹೆಂಗ ಹೋಗ್ತದ್ರೀ? ಬ್ಯಾಸರ ಆಗಂಗಿಲ್ಲೇನು?’ ಹುಬ್ಬಳ್ಳಿಯವರು ಕೇಳುತ್ತಾರೆ, ಬೆಂಗಳೂರಿನವರು ಕೇಳುತ್ತಾರೆ. ಆಟೋ ಹತ್ತಿದರೆ ಕಾಲು ಗಂಟೆಯೊಳಗೆ ಸಿಗುವ ಹಳೇ ಊರಿನಲ್ಲಿರುವ ನಮ್ಮ ಸೋದರತ್ತೆಯೂ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸಿಬಿಡುತ್ತೇನೆ.

ಬೇಸರ ಆಗುತ್ತದೆ. ಆಗದೆ ಏನು? ನಿಮಗೆ ಆಗುವುದಿಲ್ಲವಾ?

ಹೋದ ವರ್ಷ ಒಂದು ಮದುವೆಯಲ್ಲಿ ನಮ್ಮ ಯಜಮಾನರ ದೂರದ ಕಾಕಾ ಒಬ್ಬರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದರು. ಬೆಂಗಳೂರು ಸೇರಿ ಬಹಳ ಕಾಲವಾಗಿದೆ, ಮಾತೂ ಬದಲಾಗಿದೆ. ‘ಏನಮ್ಮಾ, ನಿಮ್ಮೂರಲ್ಲಿ ಏನಿದೆ? ಅಗಲ ರಸ್ತೆ, ಸರ್ಕಾರಿ ಆಫೀಸು, ಸೆಕ್ಟರ್ ನಂಬರು. ಸಂಜೆ ಆದ್ರೆ ಏನ್ ಮಾಡ್ತೀರಿ?’ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆಗೆ ತುಪ್ಪ ಹಾಕುವವನು ಬಂದ. ಕಾಕಾ ಆ ಕಡೆ ತಿರುಗಿದರು. ತುಪ್ಪ ಹಾಕಿಸಿಕೊಂಡು, ತಮ್ಮ ಹದಿನಾಲ್ಕನೇ ಮಹಡಿಯಿಂದ ಸೂರ್ಯ ಮುಳುಗುವುದು ಎಷ್ಟು ಚಂದ ಕಾಣುತ್ತದೆ ಅಂತ ಶುರು ಮಾಡಿದರು. ಸೂರ್ಯ ನಮ್ಮಲ್ಲೂ ಮುಳುಗುತ್ತಾನೆ ಕಾಕಾ. ಲಿಫ್ಟ್ ಹತ್ತುವ ಕೆಲಸವಿಲ್ಲ ಅಷ್ಟೇ.

ಹೀಗೆ ಕೇಳುವವರಲ್ಲಿ ಎಷ್ಟೋ ಜನಕ್ಕೆ ಈ ಊರು ಯಾಕೆ ಹುಟ್ಟಿತು ಅನ್ನೋದೇ ಗೊತ್ತಿರುವುದಿಲ್ಲ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕಟ್ಟೆ ಎದ್ದು ಕೃಷ್ಣೆ ತುಂಬಿದ ಮೇಲೆ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ನಮ್ಮೂರಿಗೂ ಬಂತು. ತಗ್ಗಿನ ಓಣಿಗಳು ಹೋದವು. ಆ ಮಂದಿಗೆ ಅಂತ ಕಟ್ಟಿದ ಊರು ನವನಗರ. ಅದಕ್ಕೇ ಇಲ್ಲಿ ಶಾಲೆ ಮೆಟ್ಟಿಲು ಹತ್ತದ ಅಜ್ಜಿಯರೂ ಮೀಟರ್ ಲೆಕ್ಕದಲ್ಲಿ ಮಾತಾಡುತ್ತಾರೆ. ಈಗ ಕಟ್ಟೆಯಲ್ಲಿ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.60 ಮೀಟರ್‌ಗೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256ರವರೆಗೆ ನಿಲ್ಲಿಸಬಹುದು ಅಂದಿತು. ಎರಡೂ ಅಂಕಿ ನಮ್ಮತ್ತೆಗೆ ಬಾಯಿಪಾಠ. ತಮ್ಮ ಮೊಬೈಲ್ ನಂಬರ್ ಮಾತ್ರ ಇವತ್ತಿಗೂ ನೆನಪಿರಲ್ಲ.

ಹಳೇ ಮನೆ ಬಿಡುವಾಗ ನಮ್ಮ ಮಾವನವರು ಸಾಗವಾನಿ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು, ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಬಂದಿದ್ದರು. ಹೊಸ ಮನೆಗೆ ಇದು ಗಿಡ್ಡ ಆಗ್ತದ ಅಂತ ಗೌಂಡಿ ತಕರಾರು ತೆಗೆದ. ಮಾವನವರು ಕೇಳಲಿಲ್ಲ. ಈಗ ಆರ್‌ಸಿಸಿ ಮನೆಗೆ ಅಜ್ಜನ ಕಾಲದ ಬಾಗಿಲು. ಯಾರೇ ಬರಲಿ, ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಕರೆಂಟು ಬಿಲ್ ಕೊಡುವ ಹುಡುಗನಿಗೆ ರೂಢಿಯಾಗಿದೆ, ಗೇಟಿನಲ್ಲೇ ಬಗ್ಗಲು ಶುರು ಮಾಡುತ್ತಾನೆ. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಅರಿಸಿನ ಕುಂಕುಮ ಹಚ್ಚಿ ಹಚ್ಚಿ ಕಟ್ಟಿಗೆಯ ಬಣ್ಣವೇ ಬೇರೆಯಾಗಿದೆ. ದಿನಾ ಒರೆಸುವಾಗ ಅಲ್ಲಿ ನನ್ನ ಕೈ ಸ್ವಲ್ಪ ನಿಧಾನ ಆಗುತ್ತದೆ. ಇದು ಟೈಂಪಾಸ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಕಾಕಾ ಹೇಳಬೇಕು. ಅವರಿನ್ನೂ ನಮ್ಮ ಮನೆಗೆ ಬಂದಿಲ್ಲ. ಬರಲಿ. ಎತ್ತರದ ಮನುಷ್ಯ.

ಬೆಳಿಗ್ಗೆಯ ಸಂಗತಿಯೂ ಒಂದಿದೆ. ನಮ್ಮ ಸಾಲಿನಲ್ಲಿ ಒಂದೇ ಹೊತ್ತಿಗೆ ಮೂರ್ನಾಲ್ಕು ಮನೆಗಳಲ್ಲಿ ರೊಟ್ಟಿ ಬಡಿಯುತ್ತಾರೆ. ಎಡಗಡೆ ಮನೆಯವರ ಕೈ ಜೋರು, ಎದುರು ಮನೆ ಸೊಸೆಯದು ಇನ್ನೂ ಕಲಿಯುವ ಕೈ. ಸದ್ದು ಬೇಗ ನಿಂತರೆ ಅವರು ಊರಿಗೆ ಹೋಗಿದ್ದಾರೆ, ಹತ್ತು ಗಂಟೆಯಾದರೂ ನಿಲ್ಲದಿದ್ದರೆ ಬೀಗರು ಬಂದಿದ್ದಾರೆ ಅಂತ ಅರ್ಥ. ಮಧ್ಯಾಹ್ನ ಅವರಾಗಿಯೇ ಬಂದು ಸುದ್ದಿ ಹೇಳಿದಾಗ ‘ಹೌದಾ!’ ಅಂತೇನೆ. ಗೊತ್ತಿತ್ತು ಅಂತ ಹೇಳಲು ಆಗುತ್ತದಾ?

ನಿಜ ಹೇಳಬೇಕೆಂದರೆ, ಯಾರಾದರೂ ‘ನಿಮ್ಮ ಓಣಿ ಮಂದಿ ಈಗ ಎಲ್ಲೆಲ್ಲಿ ಅದಾರ?’ ಅಂತ ಕೇಳಲಿ ಅಂತ ನನಗೆ ಆಸೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಮ್ಮತ್ತೆಯ ವಾಕಿಂಗ್ ಬಗ್ಗೆ ಹೇಳುತ್ತಿದ್ದೆ.

ಸಕ್ಕರೆ ಕಾಯಿಲೆಗೆ ದಿನಾ ಅರ್ಧ ತಾಸು ನಡೆಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಅತ್ತೆ ಐದು ಗಂಟೆಗೆ ಹೊರಟರೆ ಏಳೂವರೆಗೆ ಬರುತ್ತಾರೆ. ನಡೆದದ್ದು ಹತ್ತಿಪ್ಪತ್ತು ನಿಮಿಷ ಇದ್ದರೆ ಹೆಚ್ಚು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಗಳವರು ಈಗ ಬೇರೆ ಬೇರೆ ಸೆಕ್ಟರ್ ಸೇರಿದ್ದಾರಲ್ವಾ? ಅವರನ್ನೆಲ್ಲ ಸರದಿ ಪ್ರಕಾರ ನೋಡಿಕೊಂಡು ಬರುತ್ತಾರೆ. ಸೆಕ್ಟರ್ ನಂಬರ್ ಅವರ ತಲೆಗೆ ಹತ್ತಲೇ ಇಲ್ಲ. ‘ನೀರಿನ ಟಾಕಿ ಹಿಂದ, ನಮ್ಮ ಹಿತ್ತಲ ಮನಿಯವರು’ ಅಂತಾರೆ. ಹಿತ್ತಲು ನೀರಲ್ಲಿ ಹೋಗಿ ಎಷ್ಟು ಕಾಲವಾಯಿತು! ಆ ಮನೆಯವರು ಗೇಟಿನ ಪಕ್ಕ ಎರಡು ಕಲ್ಲಿಟ್ಟು ಮೇಲೊಂದು ಪರ್ಸಿ ಹಾಸಿ ಕಟ್ಟೆ ಮಾಡಿಕೊಂಡಿದ್ದಾರೆ. ನಕ್ಷೆಯಲ್ಲಿ ಕಟ್ಟೆ ಇರಲಿಲ್ಲ, ಕಟ್ಟೆ ಇಲ್ಲದೆ ಇವರಿಗೆ ಮಾತು ಬರಲ್ಲ. ಒಂದು ಸಂಜೆ ಕರೆಯಲು ಹೋದ ನಾನೂ ಕುಳಿತುಬಿಟ್ಟೆ. ಬೇವಿನ ಹೂವು ತಲೆ ಮೇಲೆ ಉದುರುತ್ತಿತ್ತು. ಯಾರದೋ ಮಗಳ ಸೀಮಂತಕ್ಕೆ ಇಳಕಲ್ ಸೀರೆಯ ಜೊತೆ ಗುಳೇದಗುಡ್ಡದ ಖಣ ಯಾವ ಬಣ್ಣದ್ದು ಕೊಡಬೇಕು ಅನ್ನೋದು ಚರ್ಚೆ. ಒಂದು ತಾಸಾದರೂ ಮುಗಿಯಲಿಲ್ಲ. ನನಗೂ ಒಂದು ಅಭಿಪ್ರಾಯ ಇತ್ತು, ಹೇಳಿದೆ, ಯಾರೂ ಒಪ್ಪಲಿಲ್ಲ.

ಇನ್ನು ಹೋಳಿ ಬಂತೆಂದರೆ ಸೆಕ್ಟರ್ ಲೆಕ್ಕವೆಲ್ಲ ಬಂದ್. ಹಳೇ ಊರಿನಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಪೇಟೆಪೇಟೆಯ ಹಲಗಿ ಮಜಲು ಬೇರೆ, ಬಣ್ಣದ ಬಂಡಿ ಬೇರೆ. ಬಣ್ಣ ಆಡುವುದು ಒಂದು ದಿನಕ್ಕೆ ಮುಗಿಯುವುದಿಲ್ಲ. ನಮ್ಮ ಯಜಮಾನರು ವರ್ಷವಿಡೀ ಇಸ್ತ್ರಿ ಅಂಗಿಯ ಮನುಷ್ಯ. ಆ ದಿನಗಳಲ್ಲಿ ಹಲಗಿ ಹೆಗಲಿಗೆ ಹಾಕಿಕೊಂಡು ಹಳೇ ಪೇಟೆಗೆ ಹೋದರೆ ರಾತ್ರಿ ಬಂದಾಗ ಗುರುತು ಸಿಗುವುದು ದನಿಯಿಂದ ಮಾತ್ರ.

ಕಾಕಾನಿಗೂ ಫೋನ್ ಮಾಡಿ ಹೇಳಿದ್ದೇನೆ, ಈ ಸಲ ಹೋಳಿಗೆ ಬರ್ರಿ ಅಂತ. ‘ಉಳಿಯೋಕೆ ಒಳ್ಳೆ ಹೋಟೆಲ್ ಇದೆಯಾ?’ ಅಂತ ಕೇಳಿದರು. ಮನೆಯಲ್ಲೇ ಉಳೀರಿ ಅಂದೆ. ಬಾಗಿಲಿನ ವಿಷಯ ಹೇಳಿಲ್ಲ.