ಅಘನಾಶಿನಿಯನ್ನು ನೇಯ್ದ ವರ್ಷ

ನಮ್ಮ ಶಾಲೆಗೆ ನೇಯ್ಗೆ ಕಲಿಸಲು ಬರುತ್ತಿದ್ದವರು ಇಳಕಲ್ಲಿನ ನೇಕಾರ ಮನೆತನದ ಹೆಣ್ಣುಮಗಳು. ಯಜಮಾನರ ನೌಕರಿಯ ನಿಮಿತ್ತ ಶಿರಸಿಯಲ್ಲಿ ನೆಲೆಸಿದ್ದ ಅವರನ್ನು ನಾವೆಲ್ಲ ಈ ಕಡೆಯ ರೂಢಿಯಂತೆ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಅವರ ವಿಷಯಕ್ಕೆ ಪಠ್ಯಪುಸ್ತಕವಾಗಲಿ ಪರೀಕ್ಷೆಯಾಗಲಿ ಇರಲಿಲ್ಲ. ಆದರೂ ಗಣಿತದಷ್ಟೇ ಕಟ್ಟುನಿಟ್ಟಾಗಿ ನಾನು ಶಾಲೆಯಲ್ಲಿ ಕಲಿತ ವಿದ್ಯೆ ಅದು.

ನೆಲದಲ್ಲಿ ಗುಂಡಿ ತೋಡಿ ಹೂಡುವ ಗುಂಡಿಮಗ್ಗವನ್ನು ಶಾಲೆಯ ಕೋಣೆಯಲ್ಲಿ ಹೂಡುವಂತಿರಲಿಲ್ಲ. ಅಕ್ಕೋರು ಆಚಾರಿಯವರಿಂದ ಅಗಲವಾದ ಮರದ ಚೌಕಟ್ಟೊಂದನ್ನು ಮಾಡಿಸಿ, ಮೇಲಿನ ಮತ್ತು ಕೆಳಗಿನ ಪಟ್ಟಿಗಳಿಗೆ ಸಾಲಾಗಿ ಮೊಳೆ ಹೊಡೆಸಿ, ಗಟ್ಟಿಯಾದ ಹತ್ತಿ ದಾರದ ಹಾಸು, ಎಂದರೆ ಉದ್ದಕ್ಕೆ ಬಿಗಿಯುವ ಎಳೆಗಳನ್ನು, ಕಟ್ಟಿಸಿದರು. ಅದರ ಮುಂದೆ ಐದಾರು ಮಕ್ಕಳು ಒತ್ತಾಗಿ ಕುಳಿತು, ಮನೆಯಿಂದ ತಂದ ಹಳೆಯ ಸೀರೆ, ಪಂಚೆಗಳನ್ನು ಹರಿದು ಮಾಡಿದ ಪಟ್ಟಿಗಳನ್ನೇ ಹೊಕ್ಕಾಗಿಸಿ, ಎಂದರೆ ಅಡ್ಡಕ್ಕೆ ಹಾಯಿಸುವ ಎಳೆಯಾಗಿಸಿ, ತಮ್ಮ ತಮ್ಮ ಪಾಲಿಗೆ ಬಂದಷ್ಟು ಅಗಲವನ್ನು ನೇಯಬೇಕಿತ್ತು. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ನೇಯುತ್ತ ಹೋದರೆ ಇಬ್ಬರ ಭಾಗಗಳ ನಡುವೆ ಉದ್ದಕ್ಕೂ ಸೀಳು ಉಳಿಯುತ್ತದೆ. ಅದು ಉಳಿಯಬಾರದೆಂದರೆ ಪ್ರತಿ ಸಾಲಿನಲ್ಲೂ ನನ್ನ ಪಟ್ಟಿ ಪಕ್ಕದವರ ಪಟ್ಟಿಯನ್ನು ಸುತ್ತಿ ಹಿಂದಿರುಗಬೇಕು. ಎಂದರೆ ಪಕ್ಕದವರು ಆ ಎತ್ತರಕ್ಕೆ ಬರುವವರೆಗೆ ನಾನು ಕಾಯಬೇಕು. ‘ನಿನ್ನ ಸಾಲು ಮುಗೀತಂತ ಮುಂದ ಹೋಗಬ್ಯಾಡವ್ವಾ, ಬಾಜೂದಾಕಿ ಬರೂತನಕಾ ತಡಿ’ ಎನ್ನುತ್ತಿದ್ದರು ಅಕ್ಕೋರು. ಓದಿನಲ್ಲಿ ಮುಂದಿದ್ದವರಿಗೆ ಈ ಕಾಯುವಿಕೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಇದು ಅವರ ಮನೆಯ ಕಸುಬಿನಿಂದಲೇ ಬಂದ ಪದ್ಧತಿ. ಇಳಕಲ್ ಸೀರೆಯಲ್ಲಿ ಮೈಗೆ ಒಂದು, ಎರಡು ಅಂಚುಗಳಿಗೆ ಎರಡು, ಹೀಗೆ ಮೂರು ಲಾಳಿಗಳನ್ನು ಓಡಿಸಿ, ಮೈಯ ಎಳೆ ಅಂಚಿನ ಎಳೆಯನ್ನು ಹಿಡಿದುಕೊಳ್ಳುವಂತೆ ನೇಯುವುದಕ್ಕೆ ಕೊಂಡಿ ಎನ್ನುತ್ತಾರೆ. ಸೆರಗಿನ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ, ಮೈಯ ಹಾಸಿಗೆ ಕುಣಿಕೆಗಳ ಮೂಲಕ ಸೇರಿಸುವುದು ಟೋಪ್ ತೆನಿ. ಈ ಕಾರಣಕ್ಕೆ ಅಲ್ಲಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. 2007ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಸೀರೆಯ ಹೆಚ್ಚುಗಾರಿಕೆ, ನನ್ನ ದೃಷ್ಟಿಯಲ್ಲಿ, ಬಣ್ಣಕ್ಕಿಂತ ಹೆಚ್ಚಾಗಿ ಈ ಜೋಡಣೆಯಲ್ಲಿದೆ.

ಪಟ್ಟಿಯನ್ನು ನೇರವಾಗಿ ಜಗ್ಗಿದರೆ ಬಟ್ಟೆಯ ಅಗಲ ಸಾಲು ಸಾಲಿಗೂ ಕುಗ್ಗುತ್ತ ಹೋಗುತ್ತದೆ. ಆದ್ದರಿಂದ ಹೊಕ್ಕನ್ನು ಕಮಾನಿನಂತೆ ಸಡಿಲವಾಗಿ ಹಾಕಿ ಆಮೇಲೆ ಹಣಿಗೆಯಿಂದ ಒತ್ತಬೇಕು. ನೇರವಾಗಿ ಜಗ್ಗಿದವರ ಸಾಲನ್ನು ಅಕ್ಕೋರು ಮುಲಾಜಿಲ್ಲದೆ ಬಿಚ್ಚಿಸುತ್ತಿದ್ದರು, ಏಕೆಂದರೆ ಒಬ್ಬರ ಬಿಗಿತ ಉಳಿದವರ ಹಾಸನ್ನೂ ಎಳೆಯುತ್ತದೆ. ಆದರೆ ಒಬ್ಬ ಹುಡುಗನ ಪಟ್ಟಿ ದಪ್ಪವಾಯಿತೆಂದೋ, ಒಬ್ಬಳ ಬಣ್ಣ ಹೊಂದಲಿಲ್ಲವೆಂದೋ ಬಿಚ್ಚಲು ಅವರು ಎಂದೂ ಒಪ್ಪಲಿಲ್ಲ. ಪ್ರದರ್ಶನಕ್ಕೆ ಕಳುಹಿಸುವ ಮುನ್ನ ಕೆಲವು ಭಾಗಗಳನ್ನು ತಿದ್ದಿ ಚೆಂದ ಮಾಡಬಾರದೇ ಎಂದು ಹಿರಿಯರೊಬ್ಬರು ಕೇಳಿದಾಗ, ‘ಅದು ಅಕಿ ಕೈರೀ, ಹಂಗ ಇರಲಿ’ ಎಂದಷ್ಟೇ ಹೇಳಿದ್ದರು. ಬೇರೆಯವರಿಗೆ ತೊಂದರೆಯಾಗುವ ತಪ್ಪು ಯಾವುದು, ಕೇವಲ ಕೈಯ ಗುರುತು ಯಾವುದು ಎಂಬ ಈ ವಿವೇಚನೆಯನ್ನು ಅಷ್ಟು ಸ್ಪಷ್ಟವಾಗಿ ನನಗೆ ಇನ್ನಾರೂ ಕಲಿಸಿಲ್ಲ.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾವು ಅಘನಾಶಿನಿಯನ್ನು ನೇಯ್ದೆವು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ತದಡಿಯ ಬಳಿ ಕಡಲು ಸೇರುವ ಹೊಳೆಯನ್ನು ಒಂದೇ ಶಾಲೆಯ ಮಕ್ಕಳು ನೇಯುವುದು ಸರಿಯಲ್ಲವೆಂದು ಅಕ್ಕೋರು ತೀರ್ಮಾನಿಸಿದ್ದರು. ಮೇಲಿನ ತುಂಡು ನಮ್ಮದು. ಕೆಳಗಿನ ತುಂಡನ್ನು ಕುಮಟಾ ಕಡೆಯ ಒಂದು ಶಾಲೆಯ ಮಕ್ಕಳೂ ಅವರ ಊರಿನ ಮೀನುಗಾರ ಮನೆಗಳ ಹೆಂಗಸರೂ ಸೇರಿ ನೇಯ್ದರು. ಬಲೆ ಹೆಣೆದು ಪಳಗಿದ ಹಿರಿಯರು ಹರಿದ ಬಲೆಯ ಎಳೆಗಳನ್ನೇ ಹೊಕ್ಕಾಗಿ ಸೇರಿಸಿ ಅಳಿವೆಯ ನೀರನ್ನು ತೋರಿಸಿದ್ದರು. ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತದ ಗದ್ದೆಗೆ ಮಕ್ಕಳು ಹಸಿರಿನ ಜೊತೆ ಕಂದು ಬೆರೆಸಿದ್ದರು.

ನಮ್ಮ ಕಂದು ಬಣ್ಣ ಚೊಗರಿನದು, ಎಂದರೆ ಅಡಿಕೆ ಬೇಯಿಸಿದ ನೀರಿನದು. ಅಡಿಕೆ ಸುಲಿಯುವ ಕಾಲದಲ್ಲಿ ಬಟ್ಟೆಗೆ ತಾಗಿದರೆ ಹೋಗದ ಕಲೆಯೆಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ವಸ್ತುವನ್ನೇ ಅಕ್ಕೋರು ಬಣ್ಣವೆಂದು ಕೈಗೆತ್ತಿಕೊಂಡಾಗ ನಮಗೆಲ್ಲ ಆಶ್ಚರ್ಯವಾಗಿತ್ತು. ಬಂಡೆಗಳ ಕರಿ-ಬೂದು ಬಣ್ಣಕ್ಕೆ ಅಳಲೆಕಾಯಿಯ ಕಷಾಯದಲ್ಲಿ ಅದ್ದಿದ ಬಟ್ಟೆಯನ್ನು, ಬೆಲ್ಲದ ನೀರಿನಲ್ಲಿ ಕೊಳೆಹಾಕಿದ ಕಬ್ಬಿಣದ ಚೂರುಗಳ ರಸಕ್ಕೆ ಹಾಕಿದೆವು. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲವೆಂದು ಅದನ್ನು ಬಳಸಲು ಬಿಡಲಿಲ್ಲ.

ಎರಡೂ ತುಂಡುಗಳ ಹಾಸಿನ ತುದಿಗಳನ್ನು ಟೋಪ್ ತೆನಿಯ ಮಾದರಿಯಲ್ಲಿ ಕುಣಿಕೆ ಹಾಕಿ ಸೇರಿಸಿದ ದಿನ ಕರಾವಳಿಯ ಮಕ್ಕಳು ನಮ್ಮಲ್ಲಿಗೆ ಬಂದಿದ್ದರು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನಮ್ಮ ಕೈಯಲ್ಲಿ. ಬೆನ್ನಿಗೆ ಹಚ್ಚುವ ಬಟ್ಟೆಯನ್ನು ಯಲ್ಲಾಪುರ ತಾಲೂಕಿನ ಸಿದ್ದಿ ಸಮುದಾಯದ ಹೆಂಗಸರು ತುಂಡು ಬಟ್ಟೆಗಳ ಕೌದಿಯಾಗಿ ಹೊಲಿದುಕೊಟ್ಟರು. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಅವರ ಹೊಲಿಗೆಯನ್ನೂ, ನಾಲ್ಕು ಮೂಲೆಗಳಲ್ಲಿ ಮಡಿಸಿ ಇಡುವ ಹೂವಿನಂಥ ತುಂಡುಗಳನ್ನೂ ನೋಡಲು ಅಕ್ಕೋರು ನಮ್ಮ ಜೊತೆ ನೆಲದ ಮೇಲೆ ವಿದ್ಯಾರ್ಥಿನಿಯಂತೆ ಕುಳಿತಿದ್ದರು.

2024ರಲ್ಲಿ ಅಘನಾಶಿನಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಆ ಕೆಳಗಿನ ತುಂಡನ್ನು ನೇಯ್ದವರೆಲ್ಲ ನೆನಪಾದರು. ಅಕ್ಕೋರು ಈಗ ಇಳಕಲ್ಲಿಗೆ ಮರಳಿದ್ದಾರೆ. ಚೌಕಟ್ಟು ಶಾಲೆಯ ದಾಸ್ತಾನು ಕೋಣೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಕೆಲವು ಮೊಳೆಗಳನ್ನು ಬದಲಿಸಿ ಹೊಸ ಹಾಸು ಕಟ್ಟಿದರೆ ಸಾಕು. ಈಗಿನ ಮಕ್ಕಳು ನೇಯಲು ಬಯಸುವುದಾದರೆ ಹಾಸು ಕಟ್ಟಿಕೊಡಲು ನಾನೂ ನನ್ನ ಸಹಪಾಠಿಗಳೂ ಬರುತ್ತೇವೆಂದು ಮುಖ್ಯೋಪಾಧ್ಯಾಯರಿಗೆ ಈ ಮೂಲಕ ತಿಳಿಸುತ್ತಿದ್ದೇನೆ.