ಮಾರಿಕಣಿವೆಯನ್ನು ನೆನೆದು
ಮಳೆ ಹಿಡಿದಾಗಲೆಲ್ಲ ವಾಣಿವಿಲಾಸ ಸಾಗರಕ್ಕೆ ಎಷ್ಟು ನೀರು ಬಂದಿದೆಯೆಂದು ನೋಡುವುದು ನನ್ನ ಅಭ್ಯಾಸ. ಹಿರಿಯೂರಿನ ಬಳಿ ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಮಾರಿಕಣಿವೆಯಲ್ಲಿ ವೇದಾವತಿಯನ್ನು ತಡೆದು, ಮೈಸೂರು ಸಂಸ್ಥಾನವು 1907ರ ಹೊತ್ತಿಗೆ ಕಲ್ಲಿನಿಂದ ಕಟ್ಟಿ ಮುಗಿಸಿದ ಈ ಅಣೆಕಟ್ಟಿಗೆ, ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ರಾಜ್ಯಭಾರ ನಡೆಸಿದ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರ ಹೆಸರನ್ನು ಇಡಲಾಗಿದೆ.

ಜಲಾಶಯದ ಸಾಮರ್ಥ್ಯ ಸುಮಾರು 30 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ವೇದಾವತಿ ಸಾಮಾನ್ಯ ವರ್ಷದಲ್ಲಿ ಅಷ್ಟು ನೀರನ್ನು ತರುವ ನದಿಯಲ್ಲ. ಬಾಬಾಬುಡನ್‌ಗಿರಿಯ ಕಡೆಯಿಂದ ಹರಿದುಬರುವ ವೇದಾ ಮತ್ತು ಅವತಿ ಹಳ್ಳಗಳ ನೀರನ್ನು ಅಯ್ಯನಕೆರೆ, ಮದಗದಕೆರೆಗಳು ಮೇಲೆಯೇ ಹಿಡಿದುಕೊಳ್ಳುತ್ತವೆ. ಹಾಗಾಗಿ 1933ರಲ್ಲಿ ಮೊದಲ ಸಲ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಹರಿದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ.

ಅಷ್ಟು ವರ್ಷ ತುಂಬಲಿಲ್ಲವೆಂದ ಮಾತ್ರಕ್ಕೆ ಅದನ್ನು ಅಳತೆ ಮೀರಿ ಕಟ್ಟಿದರೆಂದು ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಮಳೆ ಕಡಿಮೆ ಇರುವ ಚಿತ್ರದುರ್ಗದಂಥ ಸೀಮೆಯಲ್ಲಿ, ಎಂದೋ ಒಮ್ಮೆ ಬರುವ ದೊಡ್ಡ ಮಳೆಯ ನೀರನ್ನು ಮುಂದಿನ ಹಲವು ಬರಗಾಲಗಳಿಗೆ ಕಾಪಿಟ್ಟುಕೊಳ್ಳಲು ಅಂತಹ ವಿಶಾಲವಾದ ಜಾಗವೇ ಬೇಕು. ಹಿರಿಯೂರಿನ ತೋಟ ಗದ್ದೆಗಳಿಗೂ ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ. ಈಗ ಭದ್ರಾ ನದಿಯ ನೀರನ್ನು ಬಯಲುಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಇದೇ ಜಲಾಶಯಕ್ಕೆ ಸೇರುತ್ತಿರುವುದು, ಆ ಸೀಮೆಯ ರೈತರ ದೀರ್ಘಕಾಲದ ಬೇಡಿಕೆಯನ್ನು ಬಲ್ಲ ನನಗೆ ನಿಜವಾದ ಸಂತೋಷ ತಂದಿದೆ.