ಒಂಬತ್ತನೇ ಕ್ಲಾಸಿನ ಹುಡುಗರ ಲೈಬ್ರರಿ ಪೀರಿಯಡ್ಡು

ಶನಿವಾರದ ಬೆಳಗಿನ ಶಾಲೆ, ಕೊನೆಯ ಪೀರಿಯಡ್ಡು, ಕೈಯಲ್ಲಿರುವುದು 40 ನಿಮಿಷ. ಹಳ್ಳಿಯ ಹೈಸ್ಕೂಲಿನಲ್ಲಿ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯ ಕಬ್ಬಿಣದ ಬೀರು. ಅದರ ಮುಂದೆ ಹುಡುಗರನ್ನು ಸಾಲಾಗಿ ನಿಲ್ಲಿಸಿ "ಒಂದೊಂದು ತಗೊಳ್ರೋ" ಅಂದರೆ ಮುಂದಿನವರು ತೆಳ್ಳಗಿರುವುದನ್ನು ಎಳೆದುಕೊಳ್ಳುತ್ತಾರೆ, ಹಿಂದಿನವರು ಸಿಕ್ಕಿದ್ದನ್ನು. ಅದಕ್ಕೇ ಆವತ್ತು ಮೊದಲೇ ಸುಮಾರು 30 ಪುಸ್ತಕ ಆರಿಸಿ, ಮುಖಪುಟ ಕಾಣುವಂತೆ ಬೆಂಚುಗಳ ಮೇಲೆ ಹರಡಿಟ್ಟಿದ್ದೆವು. ಹಾವು, ಕ್ರಿಕೆಟ್, ಬೇಟೆ, ಪತ್ತೇದಾರಿ, ಯಂತ್ರಗಳ ಒಳಗುಟ್ಟು. ನೀತಿಕಥೆ ಒಂದೂ ಇರಲಿಲ್ಲ. ಉಪದೇಶದ ವಾಸನೆ ಈ ವಯಸ್ಸಿನವರ ಮೂಗಿಗೆ ಬಹಳ ಬೇಗ ಬಡಿಯುತ್ತದೆ.

ಓದಿನ ಮಹತ್ವದ ಭಾಷಣ ಬಿಟ್ಟು ನೇರವಾಗಿ ಗಟ್ಟಿಯಾಗಿ ಓದಲು ಶುರು ಮಾಡಿದೆವು. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳು, ತೇಜಸ್ವಿಯವರ ಕನ್ನಡದಲ್ಲಿ. ಏಳೆಂಟು ನಿಮಿಷ ಸಾಕು. ಅಧ್ಯಾಯ ಮುಗಿಸಿ ನಿಲ್ಲಿಸಿದರೆ ಹುಡುಗರ ಕುತೂಹಲವೂ ಅಲ್ಲಿಗೇ ಮುಗಿಯುತ್ತದೆ. ಪೊದೆ ಅಲ್ಲಾಡಿ, ಕೋವಿ ಮೇಲೆದ್ದ ಕಡೆ ಪುಸ್ತಕ ಮುಚ್ಚಬೇಕು. ಮುಚ್ಚಿದಾಗ ಹಿಂದಿನ ಬೆಂಚಿನಿಂದ "ಆಮೇಲೆ ಸಾರ್?" ಬಂತು. "ಅಲ್ಲೇ ಇದೆ, ನೋಡ್ಕೋ" ಅಂದೆವು, ಅಷ್ಟೇ.

ಒಬ್ಬ ಮಾತ್ರ ಪೆನ್ನು ಟಿಕ್ ಟಿಕ್ ಅನ್ನಿಸುತ್ತ "ಬೋರು ಸಾರ್" ಅಂದ. ಈ ಮಾತನ್ನು ಹಾಗೇ ನಂಬಬಾರದು. ಅವನನ್ನು ವರಾಂಡಕ್ಕೆ ಕರೆದು, ಯಾರ ಕಿವಿಗೂ ಬೀಳದಂತೆ ಅರ್ಧ ಪುಟ ಓದಿಸಿದಾಗ ಸಂಗತಿ ಗೊತ್ತಾಯಿತು. ಗುಣಿತಾಕ್ಷರ ಸಲೀಸು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು, ಅರ್ಕಾವೊತ್ತು ಬಂದಲ್ಲಿ ಪದವನ್ನೇ ಹಾರಿಸುತ್ತಿದ್ದ. 'ವರ್ಷ' ಅನ್ನುವಲ್ಲಿ ಕಣ್ಣಿಗೆ ಮೊದಲು ಸಿಗುವುದು ಷ, ನಾಲಗೆಯಲ್ಲಿ ಮೊದಲು ಹೊರಡಬೇಕಾದದ್ದು ರ್. ಸಾಲಿಗೆ ಎರಡು ಕಡೆ ಹೀಗೆ ಮುಗ್ಗರಿಸಿದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಹದಿನಾಲ್ಕರ ಹುಡುಗ ಗೆಳೆಯರೆದುರು ತಡವರಿಸುವುದಕ್ಕಿಂತ ಪುಂಡ ಅನ್ನಿಸಿಕೊಳ್ಳುವುದನ್ನೇ ಆರಿಸಿಕೊಳ್ಳುತ್ತಾನೆ. ತರಗತಿಯಲ್ಲಿ ಸರದಿಯಂತೆ ಎದ್ದು ನಿಂತು ಓದಿಸುವ ಪದ್ಧತಿ ಇಂಥವರನ್ನು ಪುಸ್ತಕದಿಂದ ಓಡಿಸಿದಷ್ಟು ಮೊಬೈಲೂ ಓಡಿಸಿಲ್ಲ.

ಇವನಿಗೆ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನ. ವಿಷಯ ಅವನ ವಯಸ್ಸಿನದೇ ಆಗಿರಬೇಕು. ಅಕ್ಷರ ದಪ್ಪ, ಪುಟ ಕಡಿಮೆ, ನಡುನಡುವೆ ಚಿತ್ರ. ಈಗಷ್ಟೇ ಕಿವಿಯಲ್ಲಿ ಕೇಳಿದ ಭಾಗವನ್ನೇ ಕಣ್ಣಲ್ಲಿ ಓದಲು ಕೊಡುವುದು ಇನ್ನೂ ಒಳ್ಳೆಯದು. ಮುಂದಿನ ಪದ ಯಾವುದೆಂದು ಅರ್ಧ ಗೊತ್ತಿರುವುದರಿಂದ ಒತ್ತಕ್ಷರದ ಕಾಟ ಇಳಿಯುತ್ತದೆ. ಆವತ್ತು ಆ ಎರಡು ಪುಟ ತೆಗೆದುಕೊಟ್ಟು, ಅವನ ಜೊತೆಗಾರನ ಪಕ್ಕ ಕೂರಿಸಿದೆವು. ಪೆನ್ನಿನ ಸದ್ದು ನಿಂತಿತು.

ಓದಿದ ಮೇಲೆ ಸಾರಾಂಶ ಬರೆಸಬೇಡಿ. "ಎಲ್ಲೀತನಕ ಬಂತು?" ಅಂತ ಕೇಳಿದರೆ ಸಾಕು. 15 ಪುಟವಾದರೂ ಹಿಡಿಸದಿದ್ದರೆ ವಾಪಸ್ ತರಬಹುದು ಅಂತ ಮೊದಲೇ ಹೇಳಿಬಿಡಬೇಕು. ರಿಜಿಸ್ಟರ್ ಬರೆಯುವ ಕೆಲಸ ಹುಡುಗರದೇ ಇರಲಿ, ಬೀರುವಿನ ಕೀಲಿಯೂ. ವರ್ಷಕ್ಕೆ ಕೆಲವು ಪುಸ್ತಕ ಹರಿಯುತ್ತವೆ. ಒಂದೂ ಹರಿಯದ ಲೈಬ್ರರಿಯ ಬಗ್ಗೆಯೇ ಚಿಂತೆ ಮಾಡಬೇಕು. ರಜೆಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಪಂಚಾಯಿತಿಯ ಲೈಬ್ರರಿ ಇದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಒಬ್ಬೊಬ್ಬರನ್ನೇ ಕಳಿಸಿದರೆ ಹೋಗುವುದಿಲ್ಲ, ಮೂವರು ನಾಲ್ವರನ್ನು ಜೊತೆಗೂಡಿಸಿ ಕಳಿಸಿ.

ಗಟ್ಟಿಯಾಗಿ ಓದಿದ ಪುಸ್ತಕದ ಒಂದೇ ಪ್ರತಿ ಇದ್ದರೆ ಬೆಲ್ ಹೊಡೆದ ಕೂಡಲೇ ಎಳೆದಾಟ ಆಗುತ್ತದೆ, ಸಿಗದವರು ಬರಿಗೈಲಿ ಮನೆಗೆ ಹೋಗುತ್ತಾರೆ. ಸೋಮವಾರದ ಹೊತ್ತಿಗೆ ಆ ಆಸೆ ಆರಿರುತ್ತದೆ. ಎರಡು ಮೂರು ಪ್ರತಿ, ಇಲ್ಲವೇ ಅದೇ ಬಗೆಯ ನಾಲ್ಕೈದು ಪುಸ್ತಕ ಮೇಜಿನ ಮೇಲೆ ಸಿದ್ಧವಾಗಿರಬೇಕು.